ಆಟಗಾರರ ಚಿತ್ರಕಾರ್ಡು: ಬೇಸ್‌ಬಾಲ್ ಪರಂಪರೆ ಮತ್ತು ಗೋವಾ

ಆಟಗಾರರ ಚಿತ್ರಕಾರ್ಡು ಅಂಗೈಯಗಲದ ಒಂದು ರಟ್ಟಿನ ಚೀಟಿ. ಮೊದಲು ಸಿಗರೇಟು, ಚೂಯಿಂಗ್ ಗಮ್‌ನಂಥ ಅಗ್ಗದ ಸರಕಿನ ಜೊತೆ ಗಿರಾಕಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಮುಂದೆ ತಾನೇ ಸರಕಾಯಿತು. ಒಂದು ಮಗ್ಗುಲಲ್ಲಿ ಆಟಗಾರನ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಜಾಹೀರಾತು ಇಲ್ಲವೆ ಅಂಕಿಅಂಶ. ಅಮೆರಿಕದ ಬೇಸ್‌ಬಾಲ್ ಕಾರ್ಡು ಇದರ ತುಂಬ ಬೆಳೆದ ರೂಪ. ಇಂಗ್ಲೆಂಡಿನ ಕ್ರಿಕೆಟ್ ಸಿಗರೇಟು ಕಾರ್ಡು, ಇಟಲಿಯ ಪಾನಿನಿ ಸ್ಟಿಕರು, ಭಾರತದ ಬಬಲ್‌ಗಮ್ ಕಾರ್ಡು ಇವೆಲ್ಲ ಅದರ ದಾಯಾದಿಗಳು. ಗೋವಾದಲ್ಲಿ ಫುಟ್‌ಬಾಲಿನ ಹುಚ್ಚಿಗೆ ಎಂದೂ ಕೊರತೆಯಿರಲಿಲ್ಲ, ಆದರೂ ಅಲ್ಲಿ ಇಂಥ ಕಾರ್ಡಿನ ಉದ್ಯಮ ಹುಟ್ಟಲಿಲ್ಲ. ಆಟಗಾರನ ಮುಖ ಅಲ್ಲಿ ಬೇರೆ ದಾರಿಗಳಲ್ಲಿ ಉಳಿದುಬಂದಿದೆ. ಹಳೆಯ ಕಾರ್ಡುಗಳ ಬೆಲೆಯ ಸುದ್ದಿ ಪತ್ರಿಕೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಈ ಲೇಖನದ ಗಮನ ಹೆಚ್ಚಾಗಿ ಅವುಗಳ ಮೇಲಿನ ಛಾಯಾಚಿತ್ರದ ಕಡೆಗೆ.

ಸ್ಟುಡಿಯೊದ ಕಾಲ

1854ರಲ್ಲಿ ಪ್ಯಾರಿಸಿನ ಆಂದ್ರೆ ದಿಸ್ದೇರಿ ಒಂದೇ ಗಾಜಿನ ತಟ್ಟೆಯ ಮೇಲೆ ಹಲವು ಸಣ್ಣ ಭಾವಚಿತ್ರ ತೆಗೆದು, ಕತ್ತರಿಸಿ, ರಟ್ಟಿಗೆ ಅಂಟಿಸಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಭಾವಚಿತ್ರ ಅಗ್ಗವಾಯಿತು, ಜೇಬಿಗೆ ಹಿಡಿಸುವಂತಾಯಿತು, ಒಬ್ಬರಿಂದೊಬ್ಬರಿಗೆ ದಾಟತೊಡಗಿತು. ನ್ಯೂಯಾರ್ಕಿನಲ್ಲಿ ಆಟದ ಸಾಮಾನು ಮಾರುತ್ತಿದ್ದ ಪೆಕ್ ಅಂಡ್ ಸ್ನೈಡರ್ ಅಂಗಡಿ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಫೋಟೋದ ಹಿಂದೆ ತನ್ನ ಜಾಹೀರಾತು ಅಚ್ಚುಹಾಕಿಸಿ ಹಂಚಿತು. ಎಲ್ಲ ಆಟಗಾರರೂ ಬಹಿರಂಗವಾಗಿ ಸಂಬಳ ಪಡೆದು ಆಡಿದ ಮೊದಲ ಬೇಸ್‌ಬಾಲ್ ತಂಡ ಅದು. ಮೊದಲ ಬೇಸ್‌ಬಾಲ್ ಕಾರ್ಡು ಯಾವುದೆಂಬ ಜಗಳದಲ್ಲಿ ಈ ಚೀಟಿಯ ಹೆಸರು ಮೊದಲಿಗೇ ಬರುತ್ತದೆ.

ಕಾರ್ಡಿಗೆ ನಿಜವಾದ ನೆಲೆ ಸಿಕ್ಕಿದ್ದು ಸಿಗರೇಟು ಪ್ಯಾಕಿನಲ್ಲಿ. ತೆಳುಕಾಗದದ ಪ್ಯಾಕಿನಲ್ಲಿ ಸಿಗರೇಟು ಮುರಿಯದಂತೆ ಒಂದು ರಟ್ಟು ಇಡುತ್ತಿದ್ದರು. ಖಾಲಿ ರಟ್ಟಿನ ಮೇಲೆ ಚಿತ್ರ ಹಾಕಿದರೆ ಗಿರಾಕಿ ಮತ್ತೆ ಅದೇ ಬ್ರಾಂಡು ಕೇಳುತ್ತಾನೆ ಎಂಬುದು ವ್ಯಾಪಾರಿಗಳಿಗೆ ಬೇಗ ಹೊಳೆಯಿತು. ವರ್ಜೀನಿಯಾದ ಅಲೆನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ ಬಣ್ಣದ ಕಲ್ಲಚ್ಚಿನ ಕಾರ್ಡು ತಂದಿತು. ನ್ಯೂಯಾರ್ಕಿನ ಗುಡ್ವಿನ್ ಕಂಪನಿ ಹಿಡಿದ ದಾರಿ ಬೇರೆ. ತನ್ನ ಓಲ್ಡ್ ಜಡ್ಜ್ ಸಿಗರೇಟಿನ ಕಾರ್ಡುಗಳಿಗೆ ಅದು ನಿಜವಾದ ಛಾಯಾಚಿತ್ರವನ್ನೇ, ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಮೇಲೆ ಮೂಡಿಸಿದ ಕಂದುಬಣ್ಣದ ಪ್ರತಿಯನ್ನೇ ಅಂಟಿಸಿತು. ಸುಮಾರು 1887ರಿಂದ 1890ರವರೆಗೆ ಐನೂರಕ್ಕೂ ಹೆಚ್ಚು ಆಟಗಾರರು, ಎರಡು ಸಾವಿರಕ್ಕೂ ಮಿಕ್ಕಿದ ಭಂಗಿಗಳು ಈ ಸರಣಿಯಲ್ಲಿ ಬಂದವು.

ಇಡೀ ಪರಂಪರೆಯಲ್ಲಿ ಮತ್ತೆ ಮತ್ತೆ ನೋಡಬೇಕಾದ ಚಿತ್ರಗಳು ಇವೇ. ಅನೇಕ ಚಿತ್ರಗಳನ್ನು ಬ್ರೂಕ್ಲಿನ್‌ನ ಜೋಸೆಫ್ ಹಾಲ್ ತನ್ನ ಸ್ಟುಡಿಯೊದಲ್ಲಿ ತೆಗೆದ. ಸ್ಟುಡಿಯೊದ ಬೆಳಕಿನಲ್ಲಿ ಆಗಿನ ತಟ್ಟೆಗೆ ಓಡುವ ಮನುಷ್ಯನನ್ನು ಹಿಡಿಯುವ ವೇಗವಿರಲಿಲ್ಲ. ಹಾಗಾಗಿ ಆಟವನ್ನು ಕೋಣೆಯೊಳಗೆ ನಟಿಸಬೇಕಾಯಿತು. ಹಿಂದೆ ಮರ ಮೋಡ ಬರೆದ ಪರದೆ, ಕೆಳಗೆ ನೆಲಹಾಸು. ಚೆಂಡನ್ನು ಹಿಡಿಯಲು ಎರಡೂ ಕೈ ಚಾಚಿದ ಆಟಗಾರನ ಮುಂದೆ ಚೆಂಡು ಗಾಳಿಯಲ್ಲಿ ನಿಂತಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಮೇಲಿನಿಂದ ಇಳಿಬಿಟ್ಟ ದಾರ ಕಾಣುತ್ತದೆ. ಮೀಸೆ ತಿರುವಿದ ಗಂಡಸೊಬ್ಬ ನೆಲದ ಮೇಲೆ ಮಲಗಿ ಜಾರುತ್ತಿರುವಂತೆ ನಟಿಸುತ್ತಾನೆ, ಇನ್ನೊಬ್ಬ ಬಾಗಿ ಅವನನ್ನು ಮುಟ್ಟಿ ಔಟ್ ಮಾಡುತ್ತಾನೆ. ಇಬ್ಬರ ಮುಖದಲ್ಲೂ ಅವಸರವಿಲ್ಲ. ಆ ಕಾಲದ ಗಿರಾಕಿಗೆ ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಸ್ಟುಡಿಯೊ ಫೋಟೋ ಎಂದರೆ ಹಾಗೆಯೇ ಎಂದು ಅವನಿಗೆ ಗೊತ್ತಿತ್ತು. ಇಂದಿನ ನೋಡುಗ ಮಾತ್ರ ಆಟಗಾರನನ್ನು ಬಿಟ್ಟು ದಾರವನ್ನೇ ನೋಡುತ್ತಾನೆ. ಮರೆಮಾಚಲು ಹೊರಟದ್ದೇ ಇಂದು ಆ ಕಾಲದ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ಸಾಕ್ಷಿ.

ಬಣ್ಣ, ಬಬಲ್‌ಗಮ್, ಟಾಪ್ಸ್

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತಂದ, ಸಂಗ್ರಾಹಕರು ಟಿ-206 ಎಂದು ಕರೆಯುವ 524 ಕಾರ್ಡುಗಳ ಸರಣಿಯಲ್ಲಿ ಫೋಟೋ ಮೂಲ ಮಾತ್ರ. ಕೈಗೆ ಬರುವುದು ಅದರ ಮೇಲೆ ಮಾಡಿದ ಬಣ್ಣದ ಕಲ್ಲಚ್ಚು. ಹೋನಸ್ ವಾಗ್ನರ್‌ನ ಹೆಸರಾಂತ ಕಾರ್ಡಿಗೆ ಬಾಸ್ಟನ್ನಿನ ಕಾರ್ಲ್ ಹಾರ್ನರ್ ತೆಗೆದ ಭಾವಚಿತ್ರವೇ ಆಧಾರ. ವಾಗ್ನರ್ ತನ್ನ ಕಾರ್ಡನ್ನು ನಿಲ್ಲಿಸಿದ್ದು ಮಕ್ಕಳು ತಂಬಾಕು ಕೊಳ್ಳಬಾರದೆಂದೋ, ತನಗೆ ಹಣ ಸಾಲದೆಂದೋ ಎಂಬ ವಾದ ಇನ್ನೂ ಮುಗಿದಿಲ್ಲ. ಉಳಿದಿರುವುದು ಅರುವತ್ತರ ಆಸುಪಾಸಿನ ಪ್ರತಿಗಳು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಸರಣಿ ಚೆಂದವೇನೋ ಹೌದು. ಆದರೆ ನೋಡುಗನಿಗೆ ಅದು ಕೊಡುವ ವಿವರ ಓಲ್ಡ್ ಜಡ್ಜ್ ಕಾರ್ಡಿಗಿಂತ ಕಡಿಮೆ: ಭೂತಗನ್ನಡಿ ಹಿಡಿದರೆ ಅಂಗಿಯ ನೇಯ್ಗೆ ಕಾಣುವುದಿಲ್ಲ, ಅಚ್ಚಿನ ಬಣ್ಣದ ಚುಕ್ಕೆ ಕಾಣುತ್ತದೆ.

ತಂಬಾಕಿನ ಜಾಗಕ್ಕೆ ಮಿಠಾಯಿ, ಆಮೇಲೆ ಗಮ್ ಬಂತು. 1933ರ ಗೌಡಿ, 1948ರ ಬೋಮನ್ ಸರಣಿಗಳನ್ನು ದಾಟಿದರೆ ಸಿಗುವುದು ಬ್ರೂಕ್ಲಿನ್‌ನ ಟಾಪ್ಸ್. ಅದರ ಸೈ ಬರ್ಗರ್ ಅಡುಗೆಮನೆಯ ಮೇಜಿನ ಮೇಲೆ ರೂಪಿಸಿದನೆನ್ನುವ 1952ರ 407 ಕಾರ್ಡುಗಳ ಸರಣಿ ಇಂದಿನ ಕಾರ್ಡಿನ ಅಚ್ಚು ಹಾಕಿಕೊಟ್ಟಿತು: ಮುಂದೆ ಬಣ್ಣದ ಚಿತ್ರ, ತಂಡದ ಲಾಂಛನ, ಸಹಿ, ಹಿಂದೆ ಆಟಗಾರನ ಎತ್ತರ, ತೂಕ, ಹುಟ್ಟೂರು, ಅಂಕಿಅಂಶ. ಚಿತ್ರಗಳು ಕಪ್ಪುಬಿಳುಪು ಫೋಟೋಗೆ ಬಣ್ಣ ತುಂಬಿದವು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಸಮುದ್ರಕ್ಕೆ ಸುರಿಸಿದೆ ಎಂದು ಬರ್ಗರನೇ ಹೇಳಿಕೊಂಡಿದ್ದ. ಅದೇ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 126 ಲಕ್ಷ ಡಾಲರ್ ತಂದಿತು.

1957ರಿಂದ ಟಾಪ್ಸ್ ಬಣ್ಣದ ಫಿಲ್ಮಿನ ಫೋಟೋ ಬಳಸಿತು. ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಅಳತೆಯೂ ಆಗಲೇ ನಿಂತಿತು. ಕಂಪನಿ ಇದ್ದದ್ದು ನ್ಯೂಯಾರ್ಕಿನಲ್ಲಿ. ಹಾಗಾಗಿ ಊರೂರಿನ ಆಟಗಾರರೆಲ್ಲ ನ್ಯೂಯಾರ್ಕಿಗೆ ಆಡಲು ಬಂದಾಗ, ಇಲ್ಲವೆ ಫ್ಲಾರಿಡಾ, ಅರಿಜೋನಾದ ವಸಂತ ಶಿಬಿರಗಳಲ್ಲಿ, ಆಟಕ್ಕೆ ಮುಂಚಿನ ಖಾಲಿ ಸಮಯದಲ್ಲಿ ಕ್ಯಾಮೆರಾದ ಮುಂದೆ ನಿಂತರು. ಒಬ್ಬ ಆಟಗಾರನ ಹಿಂದೆ ತಾಳೆಮರ, ಇನ್ನೊಬ್ಬನ ಹಿಂದೆ ಖಾಲಿ ಗ್ಯಾಲರಿ ಬರುವುದು ಇದಕ್ಕೇ. ಆಟದ ಕಾರ್ಡಿನಲ್ಲಿ ಆಟವೊಂದೇ ಇರಲಿಲ್ಲ. ಪಂದ್ಯದ ಮಧ್ಯದ ಫೋಟೋಗಳು ನಿತ್ಯದ ಸರಣಿಗೆ ಬಂದದ್ದು 1971ರಲ್ಲಿ. ಥರ್ಮನ್ ಮನ್ಸನ್ ಧೂಳೆಬ್ಬಿಸಿ ಎದುರಾಳಿಯನ್ನು ಔಟ್ ಮಾಡುತ್ತಿರುವ ಅಡ್ಡಕಾರ್ಡು ಆ ವರ್ಷದ್ದು.

ತಪ್ಪುಗಳಿಗೆ ಇಲ್ಲಿ ಬೇರೆಯದೇ ಕೀರ್ತಿ. 1957ರಲ್ಲಿ ಹ್ಯಾಂಕ್ ಆರನ್‌ನ ನೆಗೆಟಿವನ್ನು ತಿರುಗುಮುರುಗಾಗಿ ಅಚ್ಚುಹಾಕಿದ್ದರಿಂದ ಬಲಗೈ ಆಟಗಾರ ಎಡಗೈಯವನಾದ. ಅಂಗಿಯ 44 ಸಹ ಕನ್ನಡಿಯೊಳಗಿನ ಅಂಕೆಯಾಯಿತು. 1959ರಲ್ಲಿ ಬಲಗೈ ಎಸೆತಗಾರ ಲೂ ಬರ್ಡೆಟ್ ಎಡಗೈಗೆ ಗ್ಲೌಸ್ ಬದಲು ಚೆಂಡು ಹಿಡಿದು ನಿಂತ. ತಮಾಷೆಗೆ ಮಾಡಿದ್ದು, ಕಂಪನಿಗೆ ಗೊತ್ತೇ ಆಗಲಿಲ್ಲ. 1969ರ ಔರೇಲಿಯೊ ರೊಡ್ರಿಗೆಸ್ ಕಾರ್ಡಿನಲ್ಲಿ ಇರುವುದು ರೊಡ್ರಿಗೆಸ್ ಅಲ್ಲ, ತಂಡದ ಬ್ಯಾಟು ಹೊರುವ ಹುಡುಗ.

ಟೋಪಿಯಿಲ್ಲದ ತಲೆಗಳ ಕಥೆ ಇದಕ್ಕಿಂತ ಗಂಭೀರವಾದದ್ದು. 1968, 1969ರ ಕಾರ್ಡುಗಳಲ್ಲಿ ಹಳೆಯ ಫೋಟೋಗಳು, ಟೋಪಿ ತೆಗೆದ ಮುಖಗಳು ರಾಶಿರಾಶಿಯಾಗಿವೆ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್, ವರ್ಷಕ್ಕೆ ತಲೆಗೆ 125 ಡಾಲರಿಗೆ ಮುಖ ಮಾರಿಕೊಳ್ಳುವ ಒಪ್ಪಂದ ಸಾಲದೆಂದ. ಆಟಗಾರರು ಟಾಪ್ಸ್ ಕ್ಯಾಮೆರಾಕ್ಕೆ ನಿಲ್ಲುವುದನ್ನೇ ಬಿಟ್ಟರು. ಕಂಪನಿ ಮಣಿದು 250 ಡಾಲರಿಗೆ ಏರಿಸಿ, ಮಾರಾಟದಲ್ಲಿ ಪಾಲು ಕೊಡಲು ಒಪ್ಪಿತು. ಗೊತ್ತಿಲ್ಲದವರಿಗೆ ಅದು ಬರೀ ಟೋಪಿಯಿಲ್ಲದ ತಲೆಯ ಫೋಟೋ, ಗೊತ್ತಿದ್ದವರಿಗೆ ಕಾರ್ಮಿಕ ಹೋರಾಟದ ದಾಖಲೆ. ಆಟಗಾರ ತಂಡ ಬದಲಿಸಿದರೆ ಹಳೆಯ ಫೋಟೋದ ಟೋಪಿಯ ಮೇಲೆ ಕುಂಚದಿಂದ ಹೊಸ ಟೋಪಿ ಬರೆಯುವ ಪದ್ಧತಿಯೂ ಇತ್ತು. 1976ರಲ್ಲಿ ಆಸ್ಕರ್ ಗ್ಯಾಂಬಲ್‌ನ ದೊಡ್ಡ ಗುಂಗುರು ಕೂದಲಿನ ಮೇಲೆ ಕೂಡಿಸಿದ ಯಾಂಕೀಸ್ ಟೋಪಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಹಿನ್ನೆಲೆಯೂ ಕಾಲಾಂತರದಲ್ಲಿ ಅರ್ಥ ಬದಲಿಸುತ್ತದೆ. 1990ರ ಮಾರ್ಕ್ ಜಾಕ್ಸನ್ ಬ್ಯಾಸ್ಕೆಟ್‌ಬಾಲ್ ಕಾರ್ಡಿನಲ್ಲಿ ಅಂಗಳದ ಪಕ್ಕ ಕೂತ ಇಬ್ಬರು ಯುವಕರು ತಂದೆತಾಯಿಯ ಕೊಲೆಗಾಗಿ ಮುಂದೆ ಶಿಕ್ಷೆಗೊಳಗಾದ ಮೆನೆಂಡೆಜ್ ಸಹೋದರರು ಎಂದು ಜನ ಗುರುತಿಸಿದ್ದು 2018ರಲ್ಲಿ. ಸುಮಾರು ಮೂರು ದಶಕ ಆ ಚೀಟಿ ಮಕ್ಕಳ ಡಬ್ಬಿಗಳಲ್ಲಿ ಸುಮ್ಮನೆ ಇತ್ತು.

ಕ್ರಿಕೆಟ್ ಕಡೆಗೆ

ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸರಣಿ ಹೊರಡಿಸಿತು. ಆಸ್ಟ್ರೇಲಿಯಾದ ಬ್ಯಾಟುಗಾರ ಬ್ರಾಡ್ಮನ್‌ನ ಮುಖವನ್ನು ಇಂಗ್ಲೆಂಡಿನ ಹುಡುಗರು ಹೆಚ್ಚಾಗಿ ನೋಡಿದ್ದು 1930ರ ದಶಕದ ಪ್ಲೇಯರ್ಸ್ ಸಿಗರೇಟಿನ ಕಾರ್ಡುಗಳಲ್ಲಿ. ಯುದ್ಧಕಾಲದ ಕಾಗದದ ಅಭಾವ 1940ರ ಹೊತ್ತಿಗೆ ಆ ಪರಂಪರೆಯನ್ನು ನಿಲ್ಲಿಸಿತು. ಭಾರತದಲ್ಲಿ ಸಿಗರೇಟು ಉದ್ಯಮ ಬೇಗ ಬಂತು, ಇಂಪೀರಿಯಲ್ ಟೊಬ್ಯಾಕೊ ಬೆಂಗಳೂರಿನಲ್ಲಿ 1913ರಲ್ಲೇ ಕಾರ್ಖಾನೆ ತೆರೆಯಿತು. ಆದರೆ ಇಲ್ಲಿ ತಂಬಾಕಿಗೂ ಕ್ರಿಕೆಟ್ಟಿಗೂ ನಂಟು ಬೆಳೆದದ್ದು ಪ್ಯಾಕಿನೊಳಗಲ್ಲ, ಟ್ರೋಫಿಯ ಹೆಸರಿನಲ್ಲಿ, ಆಟಗಾರರ ಅಂಗಿಯ ಮೇಲೆ. 1996ರ ವಿಶ್ವಕಪ್ಪಿನ ಹೆಸರೇ ವಿಲ್ಸ್ ವಿಶ್ವಕಪ್.

ಕರ್ನಾಟಕದ ಹುಡುಗರು ಕಾರ್ಡಿಲ್ಲದ ಕಾಲದಲ್ಲೂ ಸುಮ್ಮನೆ ಕೂತವರಲ್ಲ. ಬೆಂಕಿಪೊಟ್ಟಣದ ಚಿತ್ರ, ಖಾಲಿ ಸಿಗರೇಟು ಪ್ಯಾಕು ಕೂಡಿಹಾಕಿ, ಒಂದೊಂದಕ್ಕೆ ಒಂದೊಂದು ಬೆಲೆ ಕಟ್ಟಿ, ಪಣವಿಟ್ಟು ಆಡುತ್ತಿದ್ದರು. 1980ರ ದಶಕದ ಕೊನೆಯಿಂದ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಚೀಟಿ ಬಂದಾಗ ಅವರಿಗೆ ಆ ವಿದ್ಯೆ ಆಗಲೇ ಗೊತ್ತಿತ್ತು. ಚೀಟಿಯ ಮೇಲೆ ಆಟಗಾರನ ಫೋಟೋ, ಜೊತೆಗೆ ಇಷ್ಟು ರನ್ ಎಂಬ ಲೆಕ್ಕ. 1990ರ ದಶಕದ ಟ್ರಂಪ್ ಕಾರ್ಡುಗಳಲ್ಲಿ ಅಂಕಿಅಂಶವೇ ಆಯುಧ: ಹೆಚ್ಚು ಶತಕ ಇದ್ದವನು ಎದುರಾಳಿಯ ಕಾರ್ಡು ಕಿತ್ತುಕೊಳ್ಳುತ್ತಾನೆ. ಫೋಟೋ ನೋಡಲು ಪುರುಸೊತ್ತೆಲ್ಲಿ?

ಹಾಗೆ ನೋಡಿದರೆ ನಮ್ಮಲ್ಲಿ ಫೋಟೋಗೆ ನಿಜವಾದ ಗೌರವ ಸಿಕ್ಕಿದ್ದು 1978ರಲ್ಲಿ ಆರಂಭವಾದ ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ನಡುಪುಟದ ಪೋಸ್ಟರಿನಿಂದ. ಪಿನ್ನು ಬಿಚ್ಚಿ ಗೋಡೆಗೆ ಅಂಟಿಸಿದ ಆ ಚಿತ್ರಗಳು ಹೆಚ್ಚಾಗಿ ಆಟದ ನಡುವಿನವು. ಬಿ.ಎಸ್. ಚಂದ್ರಶೇಖರ್ ಅವರಂಥ ಬೌಲರನ್ನು ಭಾವಚಿತ್ರದಲ್ಲಿ ನೋಡಿದರೆ ಏನೂ ತಿಳಿಯದು. ಪೋಲಿಯೊದಿಂದ ಸೊರಗಿದ ಬಲಗೈ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತೋಳು, ಚೆಂಡು ಬಿಡುವಾಗಿನ ಚಾವಟಿಯಂಥ ಬೀಸು ಇವು ಬೌಲಿಂಗ್ ಮಾಡುತ್ತಿರುವ ಫೋಟೋದಲ್ಲಷ್ಟೇ ಸಿಗುತ್ತವೆ.

ಗೋವಾ

ಗೋವಾದಲ್ಲಿ ಸ್ಟುಡಿಯೊ ಫೋಟೋಗ್ರಫಿ ಹತ್ತೊಂಬತ್ತನೆಯ ಶತಮಾನದಲ್ಲೇ ಬೇರೂರಿತ್ತು. ಆ ಶತಮಾನದ ಕೊನೆಯ ಹೊತ್ತಿಗೆ ಸೋಜಾ ಅಂಡ್ ಪಾಲ್ ಎಂಬ ಸಂಸ್ಥೆ ಅಲ್ಲಿನ ಚರ್ಚು, ರಸ್ತೆ, ಗಣ್ಯರ ಚಿತ್ರಗಳನ್ನು ತೆಗೆಯುತ್ತಿತ್ತು. ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗಿದ ಮದುವೆ, ದೀಕ್ಷೆ, ಪದವಿಯ ಚಿತ್ರಗಳ ಹಿಂದೆ ಇರುವುದೂ ಬ್ರೂಕ್ಲಿನ್ ಸ್ಟುಡಿಯೊದಲ್ಲಿದ್ದಂಥ ಬಣ್ಣ ಬಳಿದ ಪರದೆಯೇ. ಫುಟ್‌ಬಾಲೂ ಆಗಲೇ ಬಂದಿತ್ತು: 1883ರಲ್ಲಿ ಸಿಯೋಲಿಂ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ಪಾದ್ರಿ ವಿಲಿಯಂ ರಾಬರ್ಟ್ ಲಯನ್ಸ್ ಅದನ್ನು ಪರಿಚಯಿಸಿದರು. ಚರ್ಚ್ ಶಾಲೆಗಳಿಂದ ಹಳ್ಳಿಗೆ, ಹಳ್ಳಿಯಿಂದ ಫೆಸ್ತಿನ, ಅಂದರೆ ಚರ್ಚಿನ ಹಬ್ಬದ, ಪಂದ್ಯಾವಳಿಗೆ ಅದು ಹಬ್ಬಿತು. 1959ರಲ್ಲಿ, ಪೋರ್ಚುಗೀಸ್ ಆಳ್ವಿಕೆ ಮುಗಿಯುವ ಎರಡು ವರ್ಷ ಮುಂಚೆ, ಗೋವಾ ಫುಟ್‌ಬಾಲ್ ಸಂಘ ಹುಟ್ಟಿತು.

ಕ್ಯಾಮೆರಾ ಇತ್ತು, ಆಟ ಇತ್ತು, ಅಭಿಮಾನಿಗಳಿದ್ದರು. ಕಾರ್ಡು ಯಾಕೆ ಬರಲಿಲ್ಲ? ಉತ್ತರ ತಂಡಗಳ ಹಿಂದಿನ ಹಣದಲ್ಲಿದೆ ಎಂದು ತೋರುತ್ತದೆ. ಗೋವಾದ ದೊಡ್ಡ ತಂಡಗಳಾದ ಸಾಲ್ಗಾಂವ್ಕರ್, ಡೆಂಪೊ, ಸೆಸಾ ಇವು ಗಣಿ ಮನೆತನ, ಗಣಿ ಕಂಪನಿಗಳ ತಂಡಗಳು. ಅವು ಮಾರುತ್ತಿದ್ದದ್ದು ಕಬ್ಬಿಣದ ಅದಿರು. ಗಿರಾಕಿ ಜಪಾನಿನ ಉಕ್ಕಿನ ಕಾರ್ಖಾನೆ. ಮಾಂಡವಿ, ಜುವಾರಿ ನದಿಗಳಲ್ಲಿ ದೋಣಿಗಟ್ಟಲೆ ಇಳಿದು ಮಾರ್ಮಗೋವಾ ಬಂದರಿನಿಂದ ಹಡಗು ಹತ್ತುವ ಅದಿರಿನ ಜೊತೆ ಯಾರಿಗೂ ಒಂದು ಚಿತ್ರದ ಚೀಟಿ ಕೊಡುವ ಅಗತ್ಯವಿರಲಿಲ್ಲ. ಪೈಸೆಗೊಂದರಂತೆ ಬಿಡಿಯಾಗಿ ಮಾರುವ ಸರಕಿಗೆ ಮಾತ್ರ ಕಾರ್ಡು ಬೇಕು. ಅಲ್ಲಿ ತಂಡ ಗಣಿ ಒಡೆಯರಿಗೆ ಪ್ರತಿಷ್ಠೆ, ಆಟಗಾರರಿಗೆ ನೌಕರಿ. ಮುಖವನ್ನು ಬಿಡಿಯಾಗಿ ಮಾರುವ ಮಾತೇ ಏಳಲಿಲ್ಲ. ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್ ಎರಡೆರಡು ಸಲ ಗೆದ್ದವು. ಭಾರತ ತಂಡದ ನಾಯಕರಾಗಿದ್ದ ಗೋಲ್‌ಕೀಪರ್ ಬ್ರಹ್ಮಾನಂದ ಸಂಖ್ವಾಳಕರ್, ಮುಂಚೂಣಿ ಆಟಗಾರ ಬ್ರೂನೊ ಕುಟಿನ್ಹೊ ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ಆದರೆ ಗಮ್ಮಿನ ವಾಸನೆಯ ಕಾರ್ಡಿನಲ್ಲಿ ಅವರನ್ನು ಹುಡುಕಿದರೆ ಪ್ರಯೋಜನವಿಲ್ಲ.

ಅವರಂಥವರನ್ನು ಹುಡುಕಬೇಕಾದದ್ದು ತಂಡದ ಗುಂಪುಚಿತ್ರದಲ್ಲಿ, ಪತ್ರಿಕೆಯಲ್ಲಿ. ಹಿಂದಿನ ಸಾಲು ನಿಂತು, ಮುಂದಿನ ಸಾಲು ಕೂತು, ನಡುವೆ ಚೆಂಡು ಅಥವಾ ಕಪ್ಪು ಇಟ್ಟು ತೆಗೆದ ಚಿತ್ರಕ್ಕೆ ಕಾರ್ಡಿಗಿಲ್ಲದ ಒಂದು ಗುಣವಿದೆ: ಆಟಗಾರನ ಪಕ್ಕ ಯಾರಿದ್ದರೆಂದು ಅದು ಹೇಳುತ್ತದೆ. ಕಾರ್ಡು ಒಬ್ಬನನ್ನು ತಂಡದಿಂದ ಕತ್ತರಿಸಿ ತೆಗೆದು ತಾರೆ ಮಾಡುತ್ತದೆ. ಗುಂಪುಚಿತ್ರದಲ್ಲಿ ಮೀಸಲು ಆಟಗಾರನಿಗೂ, ಕೋಟು ತೊಟ್ಟ ಪೋಷಕನಿಗೂ, ಕೆಲವೊಮ್ಮೆ ಪಾದ್ರಿಗೂ ಜಾಗವಿದೆ. ಸ್ಟುಡಿಯೊದ ಮೂಲ ಪ್ರತಿ ಸಿಕ್ಕಿದರೆ ಸಾಕಷ್ಟು ಹಿಗ್ಗಿಸಿದರೂ ವಿವರ ಸಿಗುತ್ತದೆ: ಹೊಲಿದ ಚರ್ಮದ ಚೆಂಡು, ಬೂಟಿನ ಲೇಸು, ಬರಿಗಾಲು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರ ಹಾಗಲ್ಲ. 1900ರಲ್ಲಿ ಆರಂಭವಾದ ದಿನಪತ್ರಿಕೆ ಓ ಹೆರಾಲ್ಡೊ ಮುಂತಾದವುಗಳ ಚಿತ್ರಗಳು ಚುಕ್ಕೆಗಳಿಂದ ಕಟ್ಟಿದವು, ಹತ್ತಿರ ಹೋದಷ್ಟೂ ಮುಖ ಕರಗುತ್ತದೆ. ಪಣಜಿಯ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಪೋರ್ಚುಗೀಸ್ ಪತ್ರಿಕೆಗಳ ಸಂಗ್ರಹವಿದೆ. ಯಾರು ಯಾವ ದಿನ ಆಡಿದರೆಂದು ಅಲ್ಲಿ ತಿಳಿಯಬಹುದು, ಹೇಗಿದ್ದರೆಂದು ತಿಳಿಯಲು ಮನೆಗಳ ಗೋಡೆಯನ್ನೇ ನೋಡಬೇಕು.

ಗೋವಾದಲ್ಲಿ ಹುಟ್ಟಿ ಭಾರತಕ್ಕಾಗಿ ಟೆಸ್ಟ್ ಆಡಿದ ದಿಲೀಪ್ ಸರ್ದೇಸಾಯಿ (1940-2007) ಮಡಗಾಂವದವರು. ಹದಿಹರೆಯದಲ್ಲಿ ಬೊಂಬಾಯಿಗೆ ಹೋದರು. 1971ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಕಿಂಗ್‌ಸ್ಟನ್ನಿನ 212 ಸೇರಿ ಒಟ್ಟು 642 ರನ್ ಹೊಡೆದರು. ಅವರ ಚಿತ್ರಗಳೆಲ್ಲ ಬೊಂಬಾಯಿಯ ಆಟಗಾರನ ಚಿತ್ರಗಳಾಗಿ ಉಳಿದಿವೆ. ಗೋವಾ ತಂಡ ರಣಜಿ ಟ್ರೋಫಿಗೆ ಕಾಲಿಟ್ಟದ್ದೇ 1985-86ರಲ್ಲಿ. ಗೋವಾದವರ ಕ್ರೀಡಾಚಿತ್ರ ಹುಡುಕುವವರಿಗೆ ಇದು ಪದೇ ಪದೇ ಎದುರಾಗುವ ತೊಡಕು. ಗೋವಾ ಮೂಲದ ವಾಲಿಸ್ ಮಥಾಯಸ್, ಪಾಕಿಸ್ತಾನದ ಟೆಸ್ಟ್ ತಂಡದಲ್ಲಿ ಆಡಿದ ಮೊದಲ ಮುಸ್ಲಿಮೇತರ, ಕರಾಚಿಯ ಚಿತ್ರಗಳಲ್ಲಿದ್ದಾರೆ. 1962ರ ಪರ್ತ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 100 ಮತ್ತು 220 ಗಜದ ಓಟಗಳಲ್ಲಿ ಚಿನ್ನ ಗೆದ್ದ, ಅದೇ ಮೂಲದ ಸೆರಾಫಿನೊ ಅಂತಾವ್ ಮೊಂಬಾಸಾದವರು, ಕೆನ್ಯಾದ ಅಂಗಿಯಲ್ಲಿ ಓಡಿದವರು. ಒಂದು ಚಿಕ್ಕ ನಾಡಿನ ಆಟಗಾರರ ಆಲ್ಬಂ ಹೀಗೆ ಮೂರ್ನಾಲ್ಕು ದೇಶಗಳಿಗೆ ಹಂಚಿಹೋಗಿದೆ.

ಗೋವಾಕ್ಕೆ ಬರಬೇಕಿದ್ದ ಒಂದು ಚಿತ್ರಸರಣಿ ಬಾರದೆ ಹೋದದ್ದೂ ಉಂಟು. 1962ರಲ್ಲಿ ಪೋರ್ಚುಗಲ್ ತನ್ನ ವಸಾಹತುಗಳಿಗಾಗಿ ಕ್ರೀಡೆಯ ಅಂಚೆಚೀಟಿಗಳನ್ನು ಹೊರಡಿಸಿತು, ಪೋರ್ಚುಗೀಸ್ ಇಂಡಿಯಾದ ಹೆಸರಿನಲ್ಲೂ ಅಚ್ಚುಹಾಕಿಸಿತು. ಅಷ್ಟರಲ್ಲಿ, 1961ರ ಡಿಸೆಂಬರ್ 19ಕ್ಕೆ, ಗೋವಾ ಭಾರತದ್ದಾಗಿತ್ತು. ಚೀಟಿಗಳು ಗೋವಾದ ಅಂಚೆ ಕಚೇರಿಯ ಮುಖ ನೋಡಲಿಲ್ಲ.

ಸಂಗ್ರಹ ಮತ್ತು ರಕ್ಷಣೆ

ಬೇಸ್‌ಬಾಲ್ ಕಾರ್ಡುಗಳಿಗೆ ವಿದ್ವತ್ತಿನ ಮರ್ಯಾದೆ ತಂದವನು ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್. ಕಾರ್ಖಾನೆಯ ಕೆಲಸಗಾರ, ಸಂಧಿವಾತದ ರೋಗಿ. ಟಿ-206ರಂಥ ಸಂಕೇತಗಳು ಅವನ ಪಟ್ಟಿಯಿಂದಲೇ ಬಂದವು. ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ತಾನೇ ಅಲ್ಲಿ ಕೂತು ಆಲ್ಬಮ್ಮುಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ಅವನು ತೀರಿಕೊಂಡ. ಅಂಟಿಸಿದ್ದನ್ನು ಕಂಡರೆ ಇಂದಿನ ಸಂಗ್ರಾಹಕರು ಎದೆ ಬಡಿದುಕೊಳ್ಳುತ್ತಾರೆ. ಆದರೆ ಅವನು ಅಂಟಿಸದೆ ಹೋಗಿದ್ದರೆ ಎಷ್ಟೋ ಚೀಟಿ ಚದುರಿಹೋಗುತ್ತಿದ್ದವು.

ಗೋವಾ, ಕರಾವಳಿ ಕರ್ನಾಟಕ, ಕಾಸರಗೋಡಿನಂಥ ಕಡೆ ಚಿತ್ರದ ಮೊದಲ ಶತ್ರು ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ ಬೀಳುವ ಸೀಮೆಯಲ್ಲಿ ಗೋಡೆಗೆ ಒತ್ತಿ ತೂಗಿದ ಚೌಕಟ್ಟಿನೊಳಗೆ ಬೂಷ್ಟು ಹಿಡಿಯುತ್ತದೆ, ಗಾಜಿಗೆ ಚಿತ್ರ ಅಂಟಿಕೊಳ್ಳುತ್ತದೆ, ರಟ್ಟಿನ ಅಂಟನ್ನು ಬೆಳ್ಳಿಹುಳು ತಿನ್ನುತ್ತದೆ. ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಚಿತ್ರ ಗಾಜಿಗೆ ತಾಗದಂತೆ ಅಂಚಿಗೆ ರಟ್ಟಿನ ಪಟ್ಟಿ ಕೊಡಬೇಕು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಲು ಹೋಗದೆ ಗಾಜಿನ ಮೇಲಿಂದಲೇ ಮರುಚಿತ್ರ ತೆಗೆಯುವುದು ಕ್ಷೇಮ. ಬಿಡಿ ಕಾರ್ಡುಗಳಿಗೆ ಪಿವಿಸಿ ಚೀಲ ಬೇಡ, ಅದರಿಂದ ಹೊರಬೀಳುವ ರಾಸಾಯನಿಕ ಚಿತ್ರಕ್ಕೆ ಅಂಟುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ ಒಳ್ಳೆಯದು. ಕಾರ್ಡಿನ ಹಿಂದೆ ಹೆಸರು, ಹುಟ್ಟೂರು ಅಚ್ಚಾಗಿಯೇ ಬರುತ್ತದೆ. ತಂಡದ ಗುಂಪುಚಿತ್ರದ ಹಿಂದೆ ಹೆಚ್ಚಾಗಿ ಏನೂ ಇರುವುದಿಲ್ಲ, ಆದ್ದರಿಂದ ನಿಂತವರನ್ನೂ ಕೂತವರನ್ನೂ ಗುರುತಿಸಬಲ್ಲ ಹಿರಿಯರು ಇರುವಾಗಲೇ ಎಡದಿಂದ ಬಲಕ್ಕೆ ಹೆಸರು ಬರೆಸಿಡುವುದು ಒಳಿತು. ಬಾಲ್‌ಪೆನ್ನಿನ ಒತ್ತು ಚಿತ್ರದ ಮುಂಬದಿಯಲ್ಲಿ ಗೆರೆಯಾಗಿ ಏಳುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಹಿಂದಿನ ಅಂಚಿನಲ್ಲಿ ಬರೆಯಬೇಕು.